ಸೆಲ್ಲೋ ಕರೆದ ಹೆಸರು

ತುಸು ಮೇಲೆ ಹೋಯಿತು ಆ ಎರಡನೆಯ ಪಿಟೀಲು, ಹೋಗಲಿ, ಚೆನ್ನಾಗಿಯೇ ಇದೆ — ಪರದೆಯ ಸಂದಿಯಲ್ಲಿ ನಿಂತು ತಿತಿಲೋಪೆ ಕಿವಿಗೊಟ್ಟಿದ್ದಳು, ತಾನೇ ಬರೆದ ಸ್ವರಗಳು, ಈಗ ಮಾತು ಕೇಳುವುದಿಲ್ಲ, ಇಬಾದಾನಿನ ಸಂತೆಯ ಹೆಂಗಸರ ಹಾಗೆ ಒಬ್ಬರ ಮಾತಿನ ಮೇಲೊಬ್ಬರು ಬೀಳುತ್ತಿವೆ, ಬೀಳಲಿ, ನಮ್ಮ ಯೋರುಬಾ ಭಾಷೆಯಲ್ಲಿ ದನಿ ಏರಿದರೆ ಒಂದರ್ಥ, ಇಳಿದರೆ ಇನ್ನೊಂದು, ನಮ್ಮ ಡೋಲು ಆ ಏರಿಳಿತದಲ್ಲೇ ಮಾತಾಡುವಾಗ ತಂತಿ ಯಾಕೆ ಆಡಬಾರದು, ಸೆಲ್ಲೋ ನುಡಿಸುವ ಕೆಲೆಚಿ ತಾಲೀಮಿನಲ್ಲಿ ನಕ್ಕಿದ್ದ, ಅಕ್ಕಾ, ನಾನು ಇಗ್ಬೋ ಹುಡುಗ, ನನ್ನ ಬಾಯಲ್ಲೇ ನಿಮ್ಮ ಭಾಷೆ ಹೊರಳಲ್ಲ, ಇನ್ನು ಈ ಮರದ ಬಾಯಲ್ಲಿ ಹೊರಳುತ್ತಾ, ಹೊರಳುತ್ತೆ ಕಣೋ, ತಗ್ಗು, ತಗ್ಗು, ಆಮೇಲೆ ಮೇಲಕ್ಕೆ, ಅ-ಯಿಂ-ಕೆ, ಯಾರಕ್ಕಾ ಅದು, ನಮ್ಮಜ್ಜಿ. ಮಾವ ಸಿಡಿದಿದ್ದ, ಬುದ್ಧಿ ನೆಟ್ಟಗಿದೆಯೇನೇ ನಿಂಗೆ, ಹೆತ್ತವರು ಮುದ್ದಿಗೆ ಕರೆಯೋ ಹೆಸರದು, ಮೊಮ್ಮಗಳು ನೀನು, ನಮ್ಮಮ್ಮನ್ನ ಜನರೆದುರು ಹೆಸರು ಹಿಡಿದು ಕೂಗ್ತೀಯಾ, ಕೂಗೋದು ನಾನಲ್ಲ ಮಾವ, ಸೆಲ್ಲೋ — ವಾದ ಗೆದ್ದರೂ ಎದೆ ಅಳುಕಿತ್ತು, ಆದರೂ ಹೆಗ್ಗೆಣಸು ಸುಲಿಯುತ್ತ ಅಜ್ಜಿಯೇ ಅಂದಿದ್ದಳಲ್ಲ, ನನ್ನ ಆ ಹೆಸರಲ್ಲಿ ಕರೆಯೋರೆಲ್ಲ ಮಣ್ಣು ಸೇರಿದ್ರು ಮಗಾ, ಈಗ ನಾನು ಬರೀ ಅಮ್ಮ, ಬರೀ ಅಜ್ಜಿ — ಬಂತು, ಬಂತು, ಪಿಟೀಲುಗಳು ಬಾಯಿ ಮುಚ್ಚಿದವು, ಕೆಲೆಚಿ ಕಣ್ಣು ಮುಚ್ಚಿದ, ತಗ್ಗು, ತಗ್ಗು, ಜಾರಿ ಮೇಲಕ್ಕೆ, ಸಭೆಯಲ್ಲಿ ಯಾರೂ ಅಲುಗಲಿಲ್ಲ, ಕೆಟ್ಟಿತು, ಬರೀ ಸ್ವರ, ಹೆಸರಲ್ಲ, ಇನ್ನೊಮ್ಮೆ, ತಗ್ಗು, ತಗ್ಗು — ನಾಲ್ಕನೇ ಸಾಲಿನಲ್ಲಿ ಅಜ್ಜಿ ಎದ್ದಳು, ಮಾವ ತೋಳು ಹಿಡಿದೆಳೆದ, ಕೂತ್ಕೋಮ್ಮಾ, ಎಲ್ಲ ನೋಡ್ತಿದಾರೆ, ಅವಳು ಕೊಡವಿಕೊಂಡಳು, ಓ, ಅಮ್ಮಾ, ಇಲ್ಲೇ ಇದೀನಿ — ಎಂಬತ್ತು ದಾಟಿದವಳ ಗಂಟಲಲ್ಲಿ ಎಂಟರ ಹುಡುಗಿ, ಯಾರೋ ನಕ್ಕರು, ನಗು ಅಲ್ಲೇ ಸತ್ತಿತು, ಹಿಂದಿನ ಮುದುಕಿಯರು ಹೂಂ ಹೂಂ ಎನ್ನತೊಡಗಿದರು, ತಿತಿಲೋಪೆಯ ಕಾಲು ನೆಲದ ಮೇಲಿಲ್ಲ, ಕೇಳಿಸಿತು, ಅವಳಿಗೆ ಕೇಳಿಸಿತು, ಬರೆದಂತೆ ಈಗ ಪಿಟೀಲು ಬರಬೇಕು, ಬೇಡ, ಬರಬೇಡಿ, ಕೆಲೆಚಿ, ಕರೆಯೋ, ಇನ್ನೊಂದ್ಸಲ ಕರೆಯೋ, ಅವನು ಹಾಳೆ ನೋಡದೆ ಕಮಾನು ಎಳೆದ, ಅಜ್ಜಿ ಸಾಲಿನಿಂದ ಹೊರಬಂದಳು, ನಡುಹಾದಿಯಲ್ಲಿ, ತಾಯಿ ಕರೆದಾಗ ನಮ್ಮ ಹೆಣ್ಣುಮಕ್ಕಳು ಊರುವ ಹಾಗೆ ಮಂಡಿಯೂರಿದಳು, ಮಾವ ಏಳಮ್ಮಾ ಅನ್ನುತ್ತಿದ್ದಾನೆ, ಏಳಳು, ಸೆಲ್ಲೋ ನಿಂತಿತು, ಮುಂದೇನು ಬರೆದಿದ್ದೆ, ನೆನಪಿಲ್ಲ, ಮಂಡಿಯೂರಿದ ಅಜ್ಜಿ, ಮೇಲೆತ್ತಿದ ಮುಖ, ಮಂಡಿಯೂರಿದ ಆ ಪುಟ್ಟ ಹುಡುಗಿ