ಶಾಯಿ ಹೋಯಿತು, ಎಣ್ಣೆ ಬಂತು

ಬೆಟ್ ಕಟ್ಟಿ ಹೇಳುತ್ತೇನೆ, ಸೋಫಾದ ಮೇಲೆ ಅಂಗೈಯಗಲ ಹರಡಿದ ಕಪ್ಪು ಶಾಯಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ ಮಾಡಿದ ಗಂಡು ನಿಮ್ಮ ಏಳು ತಲೆಮಾರಿನಲ್ಲಿ ಹುಟ್ಟಿಲ್ಲ. ನಮ್ಮ ಡೈಲಾಗ್ ಮಾಡಿದ. ತಿಕ್ಕಲಿಲ್ಲ, ತೊಳೆಯಲಿಲ್ಲ, ಒಂದು ಹನಿ ನೀರೂ ಸೋಕಿಸಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಅವನ ಮಾವನ ಅಂಗಡಿಯಲ್ಲಿ, ಅವನ ಕೈ ತಾಗದೆ ಒಂದು ಕಲೆಯೂ ಹೊಸ್ತಿಲು ದಾಟಿ ಹೋಗಿಲ್ಲ. ನಂಬಿಕೆ ಬರಲಿಲ್ಲವೇ? ಹಾಗಾದರೆ ಕೇಳಿ.

ಡೈಲಾಗ್ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಗೆಳೆಯರು ದಯಪಾಲಿಸಿದ್ದು. ಬಾಯಿ ಬಿಟ್ಟರೆ ಸಿನಿಮಾ. ಅಮ್ಮ ಊಟಕ್ಕೆ ಕರೆದರೆ, “ಬರ್ತೀನಿ! ಆದ್ರೆ ಹಸಿವಿಗಲ್ಲ, ನಿನ್ನ ಮಾತಿಗೆ!” ಎಂದು ಕಾಲರ್ ಏರಿಸಿಕೊಂಡು ಬರುವವನು. ಇಂಥ ಬಾಯಿಗೆ ಎಲ್ಲಾದರೂ ಸಂಬಳ ಹುಟ್ಟೀತೇ ಎಂದು ಹುಡುಕಿ ಹುಡುಕಿ ಸೋತ ಅಮ್ಮ, ಕೊನೆಗೆ ಅವನನ್ನು ತನ್ನ ಅಣ್ಣನ ಮಿಕ್ಸಿ, ಫ್ಯಾನಿನ ಅಂಗಡಿಗೆ ತಳ್ಳಿದಳು.

ಮಾವ ಅವನ ಕೈಗೊಂದು ಸಾಮಾನು ಕೊಟ್ಟ. ವ್ಯಾಕ್ಯೂಮ್ ಕ್ಲೀನರಿನ ಕೊಳವೆಯ ತುದಿಗೆ ಸಿಕ್ಕಿಸುವ ಪುಟ್ಟ ಬ್ರಶ್ಶು. ಗುಂಡಿ ಒತ್ತಿದರೆ ಮುಂದಿನಿಂದ ಸೋಪಿನ ನೀರು ಚಿಮ್ಮಬೇಕು, ಬ್ರಶ್ಶು ತಿಕ್ಕಬೇಕು, ಹಿಂದಿನಿಂದ ಕೊಳೆನೀರು ಎಳೆದುಕೊಂಡು ಟ್ಯಾಂಕಿಗೆ ಬೀಳಬೇಕು. ಸೋಫಾ, ಕಾರ್ಪೆಟ್ ಮೇಲಿನ ಒಂಟಿ ಕಲೆಗಳಿಗೆಂದೇ ಹೇಳಿ ಮಾಡಿಸಿದ್ದು. ಅಂಗಡಿಯಲ್ಲಿ ಅದಕ್ಕೆ ‘ಮೂತಿ’ ಎನ್ನುತ್ತಿದ್ದರು. ಪೆಟ್ಟಿಗೆ ತುಂಬ ಮೂತಿಗಳು ಬಂದು ಬಿದ್ದಿದ್ದವು. ಕೊಳ್ಳುವವರು ಮಾತ್ರ ಮೂತಿ ತಿರುಗಿಸಿ ಹೋಗುತ್ತಿದ್ದರು.

“ನೋಡೋ, ಶನಿವಾರ ಜನ ಸೇರ್ತಾರೆ. ಗಿರಾಕಿಗಳು ಕೂರೋ ಆ ಸೋಫಾ ಮೇಲೆ ಏನಾದ್ರೂ ಚೆಲ್ಲಿ, ತೆಗೆದು ತೋರ್ಸು. ಒಂದು ಮಾರಿದ್ರೂ ಸಾಕು, ಕೆಲ್ಸ ನಿಂದು. ಇಲ್ಲಾಂದ್ರೆ ಚಿಕ್ಕಪ್ಪನ ಕೋಳಿ ಫಾರಂ.”

ಡೈಲಾಗ್ ಮೂತಿಯನ್ನು ಎದೆಗವಚಿಕೊಂಡ. ಕೋಳಿಗಳ ಮುಂದೆ ಎಂಥ ಮಾತು ಹೊಡೆದರೂ ಒಂದು ಶಿಳ್ಳೆ ಬೀಳುವುದಿಲ್ಲ.

ನಿಜವಾದ ಕಲೆ ಹೋಗುತ್ತದೋ ಇಲ್ಲವೋ ಯಾರಿಗೆ ಗೊತ್ತು? ಅವನು ನೇರವಾಗಿ ಆಟಿಕೆ ಅಂಗಡಿಗೆ ಹೋದ. ರಬ್ಬರ್ ಹಲ್ಲಿ, ರಬ್ಬರ್ ಜಿರಲೆಗಳಿಗೆ ಅವನು ಅಲ್ಲಿ ಹಳೇ ಗಿರಾಕಿ. ಈ ಸಲ ತಂದದ್ದು ರಬ್ಬರಿನ ಶಾಯಿ ಕಲೆ. ಥೇಟ್ ಈಗ ತಾನೇ ಚೆಲ್ಲಿದಂತೆ ಮಿರಮಿರ ಹೊಳೆಯುತ್ತಿತ್ತು.

ಶನಿವಾರ ಬೆಳಿಗ್ಗೆ ಅದನ್ನು ಅಂಟಿಸಲು ಸೋಫಾದ ಕೈ ಮೇಲಿದ್ದ ದಿಂಬು ಎತ್ತಿದ. ಅಡಿಯಲ್ಲಿ ತಲೆ ಒರಗಿ ಒರಗಿ ಆದ ಅಂಗೈಯಗಲದ ಎಣ್ಣೆಕಲೆ! ಊಟವಾದ ಮೇಲೆ ಮಾವ ಕಾಣೆಯಾಗುತ್ತಿದ್ದುದು ಎಲ್ಲಿಗೆ ಎಂದು ಆಗ ಹೊಳೆಯಿತು. ‘ತಾನೇ ತಾನಾಗಿ ಮುಚ್ಚಿಹೋಗುತ್ತೆ’ ಎಂದುಕೊಂಡು ರಬ್ಬರ್ ಕಲೆಯನ್ನು ಎಣ್ಣೆಯ ಮೇಲೇ ಕೂರಿಸಿದ.

ಜನ ಸೇರಿದರು. ಡೈಲಾಗ್ ಮೂತಿಯನ್ನು ಖಡ್ಗದಂತೆ ಎತ್ತಿದ.

“ಈ ಕೈ ಮುಟ್ಟಿದ್ಮೇಲೆ ಕಲೆಗೆ ಇತಿಹಾಸ ಇರುತ್ತೆ, ಭವಿಷ್ಯ ಇರಲ್ಲ!”

ಯಂತ್ರ ಗೊರ್ರೆಂದಿತು. ಮೂತಿಯ ಮರೆಯಲ್ಲಿ ರಬ್ಬರ್ ಸರಕ್ಕನೆ ಅಂಗಿಯ ತೋಳಿನೊಳಗೆ ಹೋಯಿತು, ದಿಂಬು ದಬಕ್ಕನೆ ಸೋಫಾದ ಕೈ ಮೇಲೆ ಬಿತ್ತು. ಚಪ್ಪಾಳೆಯೋ ಚಪ್ಪಾಳೆ! ಮಾವನ ಕಣ್ಣಲ್ಲಿ ಆನಂದಬಾಷ್ಪವೊಂದೇ ಬಾಕಿ.

“ದಿಂಬು ಎತ್ತು ಮಗಾ,” ಎಂದು ಹಿಂದಿನಿಂದ ಒಂದು ಗಂಟಲು ಮೊಳಗಿತು. ಕಂಡಕ್ಟರಮ್ಮ! ವರ್ಷಾನುಗಟ್ಟಲೆ ತುಂಬಿದ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾದವಳು. ಜನ ತಾವಾಗಿಯೇ ಒಳಗೆ ಸರಿದು ದಾರಿ ಬಿಟ್ಟರು.

“ಅಮ್ಮಾ, ಅದು... ಒಣಗ್ತಾ ಇದೆ.”

“ಟಿಕೆಟ್ ತೋರ್ಸು ಅಂದ್ರೆ ‘ಜೇಬಲ್ಲಿ ಒಣಗ್ತಾ ಇದೆ’ ಅನ್ನೋರನ್ನ ತುಂಬ ನೋಡಿದೀನಿ. ಎತ್ತು!”

ಅವಳೇ ಎತ್ತಿದಳು. ಜನ ಕತ್ತು ಚಾಚಿದರು.

“ಇದೇನಪ್ಪಾ, ಶಾಯಿ ತೆಗೆದ್ರೆ ಎಣ್ಣೆ ಬರುತ್ತಾ? ಭವಿಷ್ಯ ಇಲ್ಲ ಅಂದೆ, ಇತಿಹಾಸ ಇಲ್ಲೇ ಮಲಗಿದೆಯಲ್ಲೋ!”

ಎಲ್ಲರ ಕಣ್ಣು ಎಣ್ಣೆಕಲೆಯಿಂದ ಮೆಲ್ಲಗೆ ಮೇಲೇರಿ ಮಾವನ ಮಿಂಚುವ ತಲೆಯ ಮೇಲೆ ನಿಂತಿತು. ಮಾವ ತಲೆಗೆ ಕೈ ಅಡ್ಡ ಹಿಡಿದ. ಡೈಲಾಗ್ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ, “ಇದರಲ್ಲಿ ಯಾರ ಕೈವಾಡ ಇದೆ ಅಂತ...” ಎಂದು ತೋಳು ಬೀಸಿದ. ತೋಳಿನಿಂದ ಶಾಯಿ ಕಲೆ ಹಾರಿ ಕಂಡಕ್ಟರಮ್ಮನ ಪಾದದ ಮುಂದೆ ಟಪ್ಪೆಂದು ಬಿತ್ತು.

ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿದಳು. ಮೂಸಿದಳು. ಬಗ್ಗಿ ಯಂತ್ರದ ಸೋಪುನೀರಿನ ಡಬ್ಬಿಯ ಮುಚ್ಚಳ ತೆಗೆದಳು.

“ಅಯ್ಯೋ ನಿನ್ನ! ಇದಕ್ಕೆ ನೀರೇ ಹಾಕಿಲ್ಲವಲ್ಲೋ!”

ಮಾವ ಡೈಲಾಗ್‌ನನ್ನು ನೋಡಿದ ನೋಟದಲ್ಲಿ ಕೋಳಿಗಳು ಕೂಗುತ್ತಿದ್ದವು.

“ನಿಂತ್ಕೊಂಡು ಏನ್ ನೋಡ್ತೀಯ?” ಎಂದು ಕಂಡಕ್ಟರಮ್ಮ ಮೂತಿ ಕಿತ್ತುಕೊಂಡಳು. “ಬಿಸಿನೀರು ತಾ, ಸೋಪು ತಾ. ಹಿಂದೆ ಇರೋರು ಮುಂದೆ ಬನ್ನಿ, ಸೋಫಾಗೆ ಒರಗ್ಬೇಡಿ!”

ಸೋಪಿನ ನೀರು ಚಿಮ್ಮಿಸಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟಳು. ಆಮೇಲೆ ಅಂಚಿನಿಂದ ನಡುವಿಗೆ ತಿಕ್ಕುತ್ತ, ಎಳೆಯುತ್ತ ಬಂದಳು. ಗಾಜಿನಂಥ ಕೊಳವೆಯಲ್ಲಿ ಮಾವನ ಮಧ್ಯಾಹ್ನದ ನಿದ್ದೆಗಳೆಲ್ಲ ಕಂದು ಬಣ್ಣದಲ್ಲಿ ಮೇಲೇರುವುದನ್ನು ಜನ ಬಾಯಿ ಬಿಟ್ಟು ನೋಡಿದರು. ಕೊನೆಗೆ ಅಡಿಯ ಬಟ್ಟೆ ಹೊಸದರಂತೆ ಕಂಡಾಗ ಒಬ್ಬ, “ನಂಗೊಂದು ಕೊಡಿ” ಎಂದ. ಅವನ ಹೆಂಡತಿ, “ನಮ್ಮಮ್ಮನಿಗೂ ಒಂದು” ಎಂದಳು. ಪೆಟ್ಟಿಗೆ ಖಾಲಿಯಾಗುವಷ್ಟು ಗಲಾಟೆ.

ಜನ ಕರಗಿದ ಮೇಲೆ ಮಾವ ಕೈ ಜೋಡಿಸಿದ. “ಕಂಡಕ್ಟರಮ್ಮಾ, ದಿನಾ ಬರ್ತೀರಾ? ಸಂಬಳ ಕೊಡ್ತೀನಿ.”

“ಬರ್ತೀನಿ. ಮನೇಲಿ ಕೂತು ಗಂಟಲು ತುಕ್ಕು ಹಿಡೀತಿದೆ.”

“ಮಾವಾ... ನಾನು?”

“ನೀನಾ? ನಿಂಗೆ ಕೋಳಿಗಳು ಕಾಯ್ತಿವೆ.”

ಕಂಡಕ್ಟರಮ್ಮ ತುಂಬಿದ ಟ್ಯಾಂಕನ್ನು ಕಾಲಲ್ಲಿ ಮುಂದಕ್ಕೆ ನೂಕಿದಳು. “ಪಾಪ, ಇರ್ಲಿ ಬಿಡಿ. ಇದನ್ನ ಹೊರೋಕೆ ಒಬ್ಬ ಬೇಕಲ್ಲ. ನನ್ನ ಸೊಂಟ ಭಾರ ತಡ್ಯಲ್ಲ.”

ಈಗ ಒಪ್ಪಿಕೊಂಡುಬಿಡುತ್ತೇನೆ. ಶುರುವಿನಲ್ಲಿ ನಾನು ಕೊಚ್ಚಿದ್ದು ಸುಳ್ಳೇನಲ್ಲ. ಕಲೆ ಕಣ್ಣು ಮಿಟುಕಿಸುವಷ್ಟರಲ್ಲೇ ಹೋಯಿತು, ರಬ್ಬರಿನದಾದ್ದರಿಂದ. ಹನಿ ನೀರು ಸೋಕಲಿಲ್ಲ, ಹಾಕಿದ್ದರೆ ತಾನೇ ಸೋಕುವುದು! ಇನ್ನು ಅವನ ಕೈ ತಾಗದೆ ಒಂದು ಕಲೆಯೂ ಹೊಸ್ತಿಲು ದಾಟುವುದಿಲ್ಲ ಎಂದೆನಲ್ಲ, ಅದಂತೂ ಸತ್ಯ. ಕೊಳೆನೀರಿನ ಟ್ಯಾಂಕನ್ನು ಹಿತ್ತಲ ಮೋರಿಗೆ ಸುರಿಯುವವನು ಅವನೇ. ಸುರಿಯುವಾಗ, “ಹೋಗು! ಆದ್ರೆ ತಿರುಗಿ ನೋಡ್ಬೇಡ!” ಎನ್ನುತ್ತಾನೆ.

ಒಳಗೆ ಕಂಡಕ್ಟರಮ್ಮ ಹೊಸ ಜನರ ಮುಂದೆ ಮೂತಿ ಎತ್ತಿ, “ಕಲೆಗೆ ಇತಿಹಾಸ ಇರುತ್ತೆ, ಭವಿಷ್ಯ ಇರಲ್ಲ!” ಎನ್ನುತ್ತಾಳೆ. ಶಿಳ್ಳೆ ಬೀಳುತ್ತದೆ. ಮೋರಿಯ ಹತ್ತಿರ ನಿಂತು ಅವನು ಅದನ್ನು ತನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತಾನೆ.