ಹಂಸಗುಡ್ಡಕ್ಕೆ ಎರಡು ಸಲ ಹೋದ ಟ್ರಂಕು

ನಾನೊಂದು ತಗಡಿನ ಟ್ರಂಕು. ಮೊದಲೇ ಹೇಳಿಬಿಡುತ್ತೇನೆ, ನಾನು ಶುದ್ಧ ಪುಕ್ಕಲ. ನೋಡುವುದಕ್ಕೇನೋ ಗಟ್ಟಿಮುಟ್ಟಾಗಿದ್ದೇನೆ. ಮೂಲೆಮೂಲೆಗೆ ಕಬ್ಬಿಣದ ಪಟ್ಟಿ ಇದೆ, ಮುಂದೆ ಎರಡು ಕೊಂಡಿಗಳಿವೆ. ಆದರೆ ಒಳಗೆ ಬರೀ ಟೊಳ್ಳು. ಯಾರಾದರೂ ಬೆರಳಿನಿಂದ ಬಡಿದರೂ ಸಾಕು, ಮೈಯೆಲ್ಲ ಡಣ್ಣೆಂದು ನಡುಗುತ್ತದೆ.

ನನ್ನನ್ನು ಮಾಡಿದವನು ಬೆಳಗಾವಿಯ ಮಕಬೂಲಸಾಬ. ದಿನವಿಡೀ ತಗಡು ಬಡಿದು ಬಡಿದು ಅವನ ಕಿವಿ ಮಂದವಾಗಿತ್ತು. 'ಮುಚ್ಚಳ ಭಾರ ಇರ್ಬೇಕ್ರೀ, ಇಲಿ ಎತ್ತಬಾರ್ದು' ಎಂದು ಗಿರಾಕಿಗಳಿಗೆ ಕೂಗಿ ಹೇಳುತ್ತಿದ್ದ. ನನಗೂ ಭಾರವಾದ ಮುಚ್ಚಳವನ್ನೇ ಹಾಕಿದ. ಹಸಿರು ಬಣ್ಣ ಬಳಿದು ಬಿಸಿಲಿಗಿಟ್ಟ. ಆ ಬಣ್ಣ ಒಣಗುವ ಮೊದಲೇ ನನ್ನನ್ನು ಕೊಂಡವಳು ರಾಯಬಾಗದ ತಾರವ್ವ.

ತಾರವ್ವನದು ಜೈನರ ಮನೆ, ಹಿಟ್ಟಿನ ಗಿರಣಿ ನಡೆಸುವವರು. ಅವಳ ಮಗಳು ಕುಸುಮಾ ಹಂಸಗುಡ್ಡದ ಕಾಲೇಜಿಗೆ ಹೊರಟಿದ್ದಳು. ಹಂಸಗುಡ್ಡ ಎಂದರೆ ಘಟ್ಟದ ತುದಿಯಲ್ಲಿರುವ ಜೈನ ವಿದ್ಯಾಸಂಸ್ಥೆ. ಬಸದಿ, ಪಾಠ, ಹಾಸ್ಟೆಲ್ ಎಲ್ಲವೂ ಒಂದೇ ಆವರಣದಲ್ಲಿ. ಈಗ ಅದೇ ದೊಡ್ಡ ವಿಶ್ವವಿದ್ಯಾಲಯವಾಗಿದೆ. ತಾರವ್ವ ಖುಷಿಯಿಂದ ನನ್ನೊಳಗೆ ಸೀರೆ, ಸೋಪು, ಅವಲಕ್ಕಿ ಚೂಡಾ ತುಂಬಿದಳು. ಪೇಂಟರ್ ಬಂದು ನನ್ನ ಎದೆಯ ಮೇಲೆ ಬಿಳಿ ಬಣ್ಣದಲ್ಲಿ 'ಕು. ಕುಸುಮಾ, ರಾಯಬಾಗ' ಎಂದು ಬರೆದ. ಆ ಸಡಗರದಲ್ಲಿ ಕುಸುಮಾ ನನ್ನನ್ನು ಎತ್ತಿ ಜರುಗಿಸಲು ಹೋಗಿ ಕೈ ಜಾರಿ, ನನ್ನ ತಳದ ಅಂಚು ಅವಳ ಎಡಗಾಲಿನ ಹೆಬ್ಬೆರಳಿನ ಮೇಲೆ ಬಿತ್ತು. ಉಗುರು ಕಿತ್ತು ಬಂತು. ಮುಂದೆ ಹೊಸ ಉಗುರು ಸೊಟ್ಟಗೆ ಬೆಳೆಯಿತು. ತಪ್ಪು ನನ್ನದೇ, ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಎರಡನೆಯ ವರ್ಷ ಹಂಸಗುಡ್ಡದಲ್ಲಿ ಮಾತಾಜಿಯರ ಸಂಘವೊಂದು ಚಾತುರ್ಮಾಸಕ್ಕೆ ನಿಂತಿತು. ವರ್ಷವೆಲ್ಲ ಕಾಲ್ನಡಿಗೆಯಲ್ಲಿ ಊರೂರು ಸುತ್ತುವ ಸಾಧ್ವಿಯರು ಮಳೆಗಾಲದ ನಾಲ್ಕು ತಿಂಗಳು ಒಂದೇ ಕಡೆ ಇರುತ್ತಾರಲ್ಲ, ಅದು. ಕುಸುಮಾ ದಿನಾ ಪ್ರವಚನಕ್ಕೆ ಹೋದಳು. ಒಂದು ದಿನ ನನ್ನ ಮುಚ್ಚಳದ ಮೇಲೆ ಹಾಳೆಯಿಟ್ಟು, ತನಗೂ ದೀಕ್ಷೆ ಬೇಕೆಂದು ಊರಿಗೆ ಪತ್ರ ಬರೆದಳು. ಪೆನ್ನು ಊರಿ ಊರಿ ಬರೆಯುತ್ತಿದ್ದಳು. ಒಂದೊಂದು ಅಕ್ಷರವೂ ನನಗೆ ಗೊತ್ತಾಯಿತು, ತಡೆಯಲು ಮಾತ್ರ ಆಗಲಿಲ್ಲ.

ದೀಕ್ಷೆಗೆ ಮನೆಯವರ ಒಪ್ಪಿಗೆ ಬೇಕು. ತುಂಬಿದ ಸಭೆಯಲ್ಲಿ ಕೇಳಿದರಂತೆ. ತಾರವ್ವ ಹೂಂ ಎಂದಳಂತೆ. ಕುಸುಮಾಳಿಗೆ ಮದುವಣಗಿತ್ತಿಯ ಹಾಗೆ ಕೆಂಪು ಇಳಕಲ್ ಸೀರೆ ಉಡಿಸಿ ಮೆರವಣಿಗೆ ಮಾಡಿದರು. ಆಮೇಲೆ ಅವಳು ಸೀರೆ, ಬಳೆ, ತಲೆಗೂದಲು, ಕೊನೆಗೆ ಹೆಸರನ್ನೂ ಬಿಟ್ಟಳು. ಕೈಗೆ ನವಿಲುಗರಿಯ ಪಿಂಛಿ ಬಂತು, ಮೈಗೆ ಒಂದು ಬಿಳಿ ಸೀರೆ. ಹೆತ್ತವಳು ಮಗಳಿಗೆ ಕೈಮುಗಿದು 'ವಂದಾಮಿ ಮಾತಾಜಿ' ಎಂದು ಆವತ್ತೇ ಬಸ್ಸು ಹತ್ತಿದಳು.

ಎರಡು ದಿನದ ಮೇಲೆ ಕುಸುಮಾಳ ತಮ್ಮ ಶ್ರೀಪಾಲ ನನ್ನನ್ನು ಊರಿಗೆ ತಂದ. ಒಳಗೆ ಇದ್ದದ್ದು ಆ ಕೆಂಪು ಸೀರೆ ಒಂದೇ. ಹೊಸ್ತಿಲಲ್ಲಿ ಇಳಿಸಿದಾಗ ತಾರವ್ವ ಓಡಿ ಬಂದಳು. ಎಲ್ಲ ಗೊತ್ತಿದ್ದೂ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಬೀದಿಯ ತುದಿಯವರೆಗೆ ನೋಡಿದಳು. ಯಾರೂ ಇರಲಿಲ್ಲ.

'ಈ ಹಾಳ ಪೆಟ್ಟಿಗಿ ಒಂದ ಬಂತಲ್ಲೋ! ನನ್ನ ಮಗಳನ್ನ ನುಂಗಿ ಬಂತು' ಎಂದು ನನಗೆ ಎರಡು ಗುದ್ದು ಗುದ್ದಿದಳು. ಪಾಪ, ಅವಳ ಕೈಗೇ ನೋವಾಗಿರಬೇಕು. ನನ್ನನ್ನು ಅಟ್ಟಕ್ಕೆ ಹಾಕಿದರು. ಇಪ್ಪತ್ತೈದು ವರ್ಷ ಅಲ್ಲೇ ಕುಳಿತೆ. ಮಾತಾಜಿ ಯಾವ ವರ್ಷ ಯಾವ ಊರಲ್ಲಿದ್ದಾರೆ ಎಂದು ವಿಚಾರಿಸುವುದನ್ನೂ ಮನೆಯವರು ಬರುಬರುತ್ತ ಬಿಟ್ಟುಬಿಟ್ಟರು. ಕೇಳಿದರೆ ತಾರವ್ವ ಎರಡು ದಿನ ಊಟ ಬಿಡುತ್ತಿದ್ದಳು.

ಆಮೇಲೊಂದು ಜೂನಿನಲ್ಲಿ ಅಟ್ಟಕ್ಕೆ ಏಣಿ ಹಾಕಿದ ಸದ್ದಾಯಿತು. ಹತ್ತಿ ಬಂದವನು ಶ್ರೀಪಾಲ. ತಲೆ ಅರ್ಧ ನೆರೆತಿತ್ತು. ಅವನ ಮಗಳು ಪ್ರಾಂಜಲಿಗೆ ಹಂಸಗುಡ್ಡದಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತ್ತು. ಹಾಸ್ಟೆಲಿನವರು ಕಳಿಸಿದ ಪಟ್ಟಿಯಲ್ಲಿ ಮೊದಲನೆಯ ಸಾಲೇ ನನ್ನದು: ಬೀಗ ಸಹಿತ ತಗಡಿನ ಟ್ರಂಕು, ಸೂಟ್‌ಕೇಸು ಬೇಡ, ಇಲಿಗಳ ಕಾಟವಿದೆ. ಹಂಸಗುಡ್ಡ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ನನ್ನ ಕೊಂಡಿಗಳು ಸಡಿಲವಾದವು. ಅಯ್ಯೋ ದೇವರೇ, ಮತ್ತೆ ಅಲ್ಲಿಗೇ?

ಕೆಳಗಿಳಿಸಿದಾಗ ಹುಡುಗಿಯನ್ನು ನೋಡಿದೆ. ಅದೇ ಮೂಗು, ಅದೇ ಜಡೆ, ಕೂರುವಾಗ ಒಂದು ಕಾಲು ಮಡಚುವ ಅದೇ ರೀತಿ. ನೆರೆಯವರೆಲ್ಲ ಬಂದು 'ಥೇಟ್ ಕುಸುಮಾನ ನೋಡ' ಎಂದು ಹೇಳಿ ಹೋಗುತ್ತಿದ್ದರು. ಒಳ್ಳೆಯ ಮಾತೇ, ಆದರೆ ಆ ಮನೆಯಲ್ಲಿ ಅದನ್ನು ಹೇಳಬಾರದಿತ್ತು. ಹೇಳಿದಾಗಲೆಲ್ಲ ತಾರವ್ವ ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು.

ಪೇಂಟರ್ ಬಂದು ಹಳೆಯ ಹೆಸರಿನ ಮೇಲೆ ಹಸಿರು ಬಳಿದು 'ಕು. ಪ್ರಾಂಜಲಿ' ಎಂದು ಬರೆದ. ಒಣಗಿದ ಮೇಲೆ ಅಡಿಯಿಂದ 'ಕುಸುಮಾ' ಮಸುಕಾಗಿ ಇಣುಕಿತು. ಇನ್ನೊಂದು ಕೋಟು ಹೊಡೆದರೂ ಹೋಗಲಿಲ್ಲ.

ಎಂಟು ದಿನ ತಯಾರಿ ನಡೆಯಿತು. ಉಣ್ಣೆಯ ಸ್ವೆಟರು, ಹೊದಿಕೆ, ತಟ್ಟೆ ಲೋಟ, ಬೆಳ್ಳುಳ್ಳಿಯಿಲ್ಲದ ಶೇಂಗಾ ಚಟ್ನಿಪುಡಿ. ಪಟ್ಟಿಯಲ್ಲಿ ಇದ್ದದ್ದನ್ನೆಲ್ಲ ತಾಯಿ ರಾಜಮತಿ ಗೀಟು ಹಾಕುತ್ತ ನನ್ನೊಳಗೆ ಇಟ್ಟಳು. ಕೊನೆಯಲ್ಲಿ ಎರಡು ಬಿಳಿ ಸೀರೆ ಮಡಚಿ ಮೇಲಿಟ್ಟಳು. ಅಷ್ಟರಲ್ಲಿ ತಾರವ್ವ ಬಂದಳು.

'ಬಿಳಿ ಸೀರಿ ಯಾಕ?'

'ಬಸದಿಗೆ ಹೋಗಾಕ ಅತ್ತಿ. ಎಲ್ಲಾ ಹುಡುಗ್ಯಾರೂ ಉಡ್ತಾರಂತ, ಪಟ್ಟಿಯೊಳಗ ಬರದಾರ.'

ತಾರವ್ವ ಮೇಲಿನ ಸೀರೆಯ ಅಂಚನ್ನು ಬೆರಳಿನಿಂದ ಮುಟ್ಟಿ, ಕೈ ಹಿಂದಕ್ಕೆ ಎಳೆದುಕೊಂಡಳು.

ಸಂಜೆ ಪ್ರಾಂಜಲಿ ಬಂದು ನನ್ನ ಮೇಲೆ ಕುಳಿತಳು. ಸುತ್ತ ಯಾರೂ ಇರಲಿಲ್ಲ. 'ನಂಗೂ ಅತ್ತಿಗಾದಂಗ ಆದ್ರ?' ಎಂದು ತನ್ನಷ್ಟಕ್ಕೆ ಕೇಳಿಕೊಂಡಳು. 'ನಾನ ಬ್ಯಾಡ ಅಂದ್ರೂ ಮನಸ್ಸ ಹೂಂ ಅಂದ್ರ?' ಬಿಡು ಮಗಳೇ, ಹಾಗೇನೂ ಆಗುವುದಿಲ್ಲ ಎನ್ನಬೇಕೆನಿಸಿತು. ಆದರೆ ನನಗೂ ಅದೇ ಭಯ, ಇನ್ನು ಧೈರ್ಯ ಎಲ್ಲಿಂದ ತರಲಿ?

ಹೊರಡುವ ಮುನ್ನಾದಿನ ಮಧ್ಯಾಹ್ನ, ಎಲ್ಲರೂ ಉಂಡು ಮಲಗಿದ್ದಾಗ ತಾರವ್ವ ಮೆಲ್ಲಗೆ ನನ್ನ ಮುಚ್ಚಳ ತೆಗೆದಳು. ಎರಡೂ ಬಿಳಿ ಸೀರೆಗಳನ್ನು ಹೊರಗೆಳೆದು ಗೋದಿಯ ಡಬ್ಬಿಯಲ್ಲಿ ಬಚ್ಚಿಟ್ಟಳು. ಆ ಜಾಗದಲ್ಲಿ ಕುಸುಮಾಳ ಕೆಂಪು ಇಳಕಲ್ ಸೀರೆ ಇಟ್ಟು, ಅದರ ಮೇಲೆ ಹೊದಿಕೆ ಮುಚ್ಚಿದಳು. 'ಬಿಳೀದು ಉಟ್ರ ತಾನ ಅವರು ಕರಕೊಳ್ಳೂದು' ಎಂದು ಗೊಣಗಿದಳು. ಮುದುಕಿಯ ತರ್ಕ ಅಷ್ಟೇ ಇತ್ತು.

ಬೆಳಿಗ್ಗೆ ಬಸ್ಸಿನ ಮೇಲೆ ನನ್ನನ್ನು ಹಗ್ಗ ಹಾಕಿ ಬಿಗಿದರು. ತಾರವ್ವ ಮೊಮ್ಮಗಳ ಕೆನ್ನೆ ಸವರಿ 'ದೀಪಾವಳಿಗೆ ಬರ್ತೀಯಿಲ್ಲೋ?' ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಹುಡುಗಿ 'ಬರ್ತೇನಿ ಆಯಿ' ಎಂದಳು. ಕುಸುಮಾ ಕೂಡ ಹಾಗೇ ಹೇಳಿದ್ದಳು. ಘಟ್ಟ ಹತ್ತುತ್ತ ಮಂಜು ಕವಿದು ಮುಂದಿನ ರಸ್ತೆಯೇ ಕಾಣದಾಯಿತು.

ಹಂಸಗುಡ್ಡದ ಪದ್ಧತಿ ಬದಲಾಗಿರಲಿಲ್ಲ. ಮೊದಲ ದಿನ ಹೊಸ ಹುಡುಗಿಯರೆಲ್ಲ ಬಿಳಿ ಸೀರೆ ಉಟ್ಟು, ಹಾಸ್ಟೆಲಿನ ಜಗಲಿಯಲ್ಲಿ ತಮ್ಮ ತಮ್ಮ ಟ್ರಂಕಿನ ಪಕ್ಕ ನಿಲ್ಲಬೇಕು. ಚಾತುರ್ಮಾಸಕ್ಕೆ ಬಂದಿರುವ ಮಾತಾಜಿ ಸೂರ್ಯ ಮುಳುಗುವ ಮೊದಲು ಬಂದು ಆಶೀರ್ವಾದ ಮಾಡಿದ ಮೇಲೆಯೇ ಕೋಣೆಯ ಕೀಲಿ ಕೊಡುವುದು. ಶ್ರೀಪಾಲ, ರಾಜಮತಿ ಮಧ್ಯಾಹ್ನದ ಬಸ್ಸಿಗೇ ಇಳಿದು ಹೋಗಿದ್ದರು. ಪ್ರಾಂಜಲಿ ಹೊದಿಕೆ ಎತ್ತಿ ನೋಡುತ್ತಾಳೆ, ಬಿಳಿ ಸೀರೆ ಇಲ್ಲ! ಬಟ್ಟೆಯನ್ನೆಲ್ಲ ಕೆದರಿದಳು. ಅವಳ ಕಣ್ಣೀರು ನನ್ನೊಳಗೆ ಬಿತ್ತು.

'ಎಂತ ಮಾರಾಯ್ತಿ, ಅಳ್ತೀಯಾ? ಇದನ್ನೇ ಉಡು. ಬೈದರೆ ಬೈಯಲಿ' ಎಂದಳು ಪಕ್ಕದ ಟ್ರಂಕಿನ ಹುಡುಗಿ ನಿರೀಕ್ಷಾ, ಕಾರ್ಕಳದವಳು. ಬೇರೆ ದಾರಿ ಇರಲಿಲ್ಲ. ಐವತ್ತು ಬಿಳಿ ಸೀರೆಗಳ ನಡುವೆ ನಮ್ಮ ಹುಡುಗಿ ಒಬ್ಬಳೇ ಕೆಂಪಗೆ ನಿಂತಳು. ವಾರ್ಡನ್ ಮೇಡಂ ಕಣ್ಣು ಕೆಂಪಗೆ ಮಾಡಿ ಬರುವಷ್ಟರಲ್ಲಿ ಮಾತಾಜಿ ಬಂದೇಬಿಟ್ಟರು.

ನೆಲದ ಮೇಲಿರುವ ನನಗೆ ಮೊದಲು ಕಾಣುವುದು ಪಾದಗಳೇ. ಬರಿಗಾಲು, ನಡೆದು ನಡೆದು ಒಡೆದ ಹಿಮ್ಮಡಿ. ಒಂದೊಂದೇ ಟ್ರಂಕು ದಾಟಿ ಬಂದವು. ನನ್ನ ಮುಂದೆ ನಿಂತವು. ಎಡಗಾಲಿನ ಹೆಬ್ಬೆರಳಿನ ಉಗುರು ಸೊಟ್ಟಗಿತ್ತು.

ಅದು ನಾನೇ ಕಿತ್ತ ಉಗುರು.

'ವಂದಾಮಿ ಮಾತಾಜಿ' ಎಂದು ಪ್ರಾಂಜಲಿ ತಗ್ಗಿದ ದನಿಯಲ್ಲಿ ಹೇಳಿದಳು. ಮಾತಾಜಿಯ ಕಣ್ಣು ಸೀರೆಯ ಸೆರಗಿನ ಮೇಲಿತ್ತು. ಅಲ್ಲಿಂದ ನನ್ನ ಎದೆಗೆ ಬಂತು, ಹೊಸ ಹೆಸರಿನ ಅಡಿಯಲ್ಲಿ ಇಣುಕುವ ಹಳೆಯ ಹೆಸರಿಗೆ.

'ಈ ಸೀರಿ ಯಾರ ಕೊಟ್ರು?'

'ನಮ್ಮ ಆಯಿ, ಮಾತಾಜಿ. ಬಿಳಿ ಸೀರಿ ತಗದು ಇದನ್ನ ಇಟ್ಟಾಳ. ನಂಗ ಗೊತ್ತಿರಲಿಲ್ಲ, ತಪ್ಪಾತು.'

'ಆರಾಮದಾಳ?' ದನಿ ಒಂದು ಎಳೆಯಷ್ಟು ಒಡೆಯಿತು. ಹುಡುಗಿ ತಲೆಯೆತ್ತಿ ನೋಡಿದಳು. ತನ್ನದೇ ಮೂಗು, ತನ್ನದೇ ಕಣ್ಣು. ನನ್ನ ಮುಚ್ಚಳದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

ಮಾತಾಜಿ ಪಿಂಛಿ ಎತ್ತಿ ಅವಳ ತಲೆಯ ಮೇಲೆ ಆಶೀರ್ವಾದ ಮಾಡಿದರು. 'ಆಕಿಗೆ ಅಂಜಿಕಿ ಐತಿ. ದೀಪಾವಳಿಗೆ ತಪ್ಪದ ಮನಿಗೆ ಹೋಗು. ಈ ಸೀರಿ ಉಟಕೊಂಡು ಹೋಗು. ಟ್ರಂಕ ಮಾತ್ರ ಒಯ್ಯಬ್ಯಾಡ, ಇಲ್ಲೇ ಬಿಡು.' ವಾರ್ಡನ್ ಕಡೆ ತಿರುಗಿ 'ಈ ಹುಡುಗಿಗೆ ಇವತ್ತ ಏನೂ ಅನಬ್ಯಾಡ್ರಿ' ಎಂದು ಮುಂದಿನ ಟ್ರಂಕಿನ ಕಡೆ ನಡೆದರು. ಹಿಂದಿರುಗಿ ನೋಡಲಿಲ್ಲ.

ಆಮೇಲಿನ ತಿಂಗಳುಗಳನ್ನು ನಾನು ಮಂಚದ ಕೆಳಗೆ ಜೀವ ಕೈಯಲ್ಲಿ ಹಿಡಿದು ಕಳೆದೆ. ಪ್ರಾಂಜಲಿ ಬೆಳಿಗ್ಗೆ ಬೇಗ ಏಳತೊಡಗಿದಳು. ಪ್ರವಚನಕ್ಕೆ ಹೋದಳು. ಭಾದ್ರಪದದ ಪರ್ವದಲ್ಲಿ ಒಂದು ದಿನ ನಿರಾಹಾರ ಉಪವಾಸ ಮಾಡಿ, ನಿರೀಕ್ಷಾಳ ಬಿಳಿ ಸೀರೆ ಕೇಳಿ ಉಟ್ಟಳು. ಹಾಳೆ, ಪೆನ್ನು ಹಿಡಿದು ನನ್ನ ಮೇಲೆ ಕುಳಿತಾಗಲಂತೂ ನನ್ನ ಕಥೆ ಮುಗಿದೇಹೋಯಿತು ಎಂದುಕೊಂಡೆ. ಪುಣ್ಯಕ್ಕೆ ಅದು ಕೆಮಿಸ್ಟ್ರಿ.

ದೀಪಾವಳಿಗೆ ಅವಳು ಕೆಂಪು ಸೀರೆ ಉಟ್ಟು, ಬಟ್ಟೆಯ ಒಂದು ಕೈಚೀಲ ಹಿಡಿದು ಹೊರಟಳು. ನಾನು ಕೋಣೆಯಲ್ಲಿ ಉಳಿದೆ. ಘಟ್ಟ ಇಳಿದಳೋ, ಬಸದಿಯ ಮೆಟ್ಟಿಲಿನಿಂದಲೇ ತಿರುಗಿದಳೋ? ಹದಿನೈದು ದಿನ ಮೈಯೆಲ್ಲ ಕಿವಿಯಾಗಿ ಕಾದೆ.

ಬಂದಳು. ಬಂದವಳೇ ನಿರೀಕ್ಷಾಳ ಮುಂದೆ ಒದರಿದಳು: 'ಆಯಿ ಬಾಗ್ಲಾಗ ಕುಂತಿದ್ಲು. ನನ್ನ ನೋಡಿ ಕುಸುಮಾ ಅಂತ ಎದ್ಲು. ಆಮ್ಯಾಲ ನನ್ನ ಹಿಂದ ಮುಂದ ಹುಡಕಿ, ಟ್ರಂಕ ಎಲ್ಲೈತಿ ಅಂದ್ಲು. ಅಲ್ಲೇ ಬಿಟ್ಟ ಬಂದೇನಿ ಅಂದೆ. ಹಂಗ ನೆಲದ ಮ್ಯಾಲ ಕುಂತು ಗೊಳೋ ಅಂತ ಅತ್ಲು. ಅಳಕೋತ ನಗಾಕತ್ಲು. ಅದು ಬರ್ಲಿಲ್ಲಾ? ಚಲೋ ಆತು! ಆ ಹಾಳ ಪೆಟ್ಟಿಗಿ ಅಲ್ಲೇ ಕೊಳೀಲಿ ಅಂದ್ಲು.'

'ಮಾತಾಜಿಯ ವಿಷಯ ಹೇಳಿದ್ಯಾ?'

'ಹೇಳಿದೆ. ಆರಾಮದಾಳ ಅಂತ ಕೇಳಿದ್ರು ಅಂದೆ. ಅವತ್ತ ಆಯಿ ಎರಡ ರೊಟ್ಟಿ ಜಾಸ್ತಿ ಉಂಡ್ಲು.'

ಪ್ರಾಂಜಲಿ ಇನ್ನೂ ಇಲ್ಲೇ ಓದುತ್ತಿದ್ದಾಳೆ, ರಜೆಗೊಮ್ಮೆ ಊರಿಗೆ ಹೋಗಿ ಬರುತ್ತಾಳೆ. ಮಳೆಯ ತೇವಕ್ಕೆ ನನ್ನ ತಳ ತುಕ್ಕು ಹಿಡಿದು ತೂತಾಯಿತು. ಅವಳು ಹೊಸ ಟ್ರಂಕು ತಂದಳು. ನನ್ನನ್ನು ಹಾಸ್ಟೆಲಿನ ಉಗ್ರಾಣದ ಮೂಲೆಗೆ ಹಾಕಿದ್ದಾರೆ. ನನ್ನೊಳಗೆ ಈಗ ಪೊರಕೆ, ಕೆಟ್ಟ ಬಲ್ಬು, ಒಂದು ಹಳೆಯ ಗಂಟೆ ಇವೆ. ಪ್ರತಿ ಜುಲೈಯಲ್ಲಿ ಹೊಸ ಹುಡುಗಿಯರ ಟ್ರಂಕುಗಳು ಜಗಲಿಯ ಮೇಲೆ ದಡಬಡ ಇಳಿಯುವಾಗ ನನಗೆ ಈಗಲೂ ಎದೆ ಡವಗುಟ್ಟುತ್ತದೆ. ಯಾರು ಮರಳುತ್ತಾರೆ, ಯಾರು ಉಳಿಯುತ್ತಾರೆ ಎಂದು ತಗಡಿಗೆ ಹೇಗೆ ಗೊತ್ತಾಗಬೇಕು?

ಆದರೆ ನನ್ನ ಮಟ್ಟಿಗೆ ಒಂದು ಗೊತ್ತು. ಮೊದಲ ಸಲ ಹುಡುಗಿಯನ್ನು ಇಲ್ಲಿ ಬಿಟ್ಟು ನಾನು ಊರಿಗೆ ಹೋದೆ. ಎರಡನೆಯ ಸಲ ನನ್ನನ್ನು ಇಲ್ಲಿ ಬಿಟ್ಟು ಹುಡುಗಿ ಊರಿಗೆ ಹೋದಳು. ತಾರವ್ವ, ನೀನು ಹೇಳಿದ ಹಾಗೆಯೇ ನಾನು ಇಲ್ಲೇ ಕೊಳೆಯುತ್ತಿದ್ದೇನೆ ತಾಯಿ. ನೀನು ಹೊಟ್ಟೆತುಂಬ ಉಣ್ಣು.