‘ಈಗ ತೆರೆದಿದೆ’ ಎಂದಿತ್ತು ಫೋನು

ಕಿವಿ ಮಿಷನ್ ರಿಪೇರಿಯ ಆ ಅಂಗಡಿ ಮೊದಲು ಹಳೆ ಪೇಟೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿತ್ತು. ಬರುವವರೆಲ್ಲ ವಯಸ್ಸಾದವರು. ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ, “ಕಿವಿ ಸರಿ ಮಾಡಿಸೋಕೆ ಬಂದು ಮಂಡಿ ಕಳ್ಕೊಂಡೆ ಕಣಪ್ಪಾ” ಎಂದು ರಿಪೇರಿಯವನನ್ನು ಬೈಯುತ್ತಿದ್ದರು. ಅದಕ್ಕೇ ಅಂಗಡಿ ನಡೆಸುತ್ತಿದ್ದ ಗಂಡ ಹೆಂಡತಿ ಯೋಚಿಸಿ ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ನೆಲಮಟ್ಟದ ಒಂದು ಕೋಣೆ ಹಿಡಿದರು. ಒಳ್ಳೆ ಬೆಳಕು, ಕೂರಲು ಬೆಂಚು, ಬಾಗಿಲಿಗೊಂದು ಗಂಟೆ. ಎಲ್ಲ ಇತ್ತು, ಜನ ಮಾತ್ರ ಬರಲಿಲ್ಲ.

ಗಂಟೆ ಅಲುಗಿದಾಗಲೆಲ್ಲ ಹೆಂಡತಿ ತಲೆ ಎತ್ತುತ್ತಿದ್ದಳು. ಗಾಳಿ. ಗಂಡ ದೀಪದ ಕೆಳಗೆ ಕೂತು, ಆಗಲೇ ಒರೆಸಿಟ್ಟ ಚಿಮಟವನ್ನು ಮತ್ತೆ ಒರೆಸುತ್ತಿದ್ದ. ದೂರದ ಊರಿನ ದೊಡ್ಡ ಕಿವಿ ಮಿಷನ್ ಶೋರೂಮಿನವರು ಅವನನ್ನು ಕೆಲಸಕ್ಕೆ ಕರೆದಿದ್ದರು. ಶನಿವಾರದೊಳಗೆ ಹೂಂ ಅನ್ನಬೇಕು, ಇಲ್ಲ ಉಹೂಂ ಅನ್ನಬೇಕು. ಹೂಂ ಅಂದರೆ ಇಬ್ಬರೂ ಸೇರಿ ಕಟ್ಟಿದ ಅಂಗಡಿಗೆ ಬೀಗ. ಅದು ಅವಳಿಗೆ ಬೇಕಿರಲಿಲ್ಲ.

ಪಕ್ಕದ್ದು ಕನ್ನಡಕದ ಅಂಗಡಿ. ಅದನ್ನು ನಡೆಸುವಾಕೆಯನ್ನು ಬೀದಿಯವರೆಲ್ಲ ಕನ್ನಡಕದಕ್ಕ ಎಂದೇ ಕರೆಯುವುದು. ಒಂದು ಬೆಳಿಗ್ಗೆ ಆಕೆ ಬಂದು ಬೆಂಚಿನ ಮೇಲೆ ಕೂತು ಹೆಂಡತಿಯನ್ನು ಕೇಳಿದಳು.

“ಯಾಕೆ ಹಿಂಗೆ ಮುಖ ಬಾಡಿಸ್ಕೊಂಡಿದೀಯಾ? ನಿಮ್ಮಂಗಡಿನ ಯಾವತ್ತಾದ್ರೂ ಫೋನಲ್ಲಿ ಹುಡುಕಿ ನೋಡಿದೀಯಾ?”

“ನಮ್ಮಂಗಡಿ ನಾವ್ಯಾಕಕ್ಕಾ ಹುಡುಕೋಣ? ನಾವು ಒಳಗೇ ಇದೀವಲ್ಲ!”

ಅಕ್ಕ ನಕ್ಕು ತನ್ನ ಫೋನು ತೆಗೆದಳು. ‘ಕಿವಿ ಮಿಷನ್ ರಿಪೇರಿ’ ಎಂದು ಒತ್ತಿದಳು. ಮೊದಲು ಬಂದದ್ದು ಊರಾಚೆಯ ಬೇರೊಂದು ಶೋರೂಮು. ಆಮೇಲೆ ಇನ್ಯಾರೋ. ಬೆರಳು ಎಳೆದೂ ಎಳೆದೂ ತೀರಾ ಕೆಳಗೆ ಇವರ ಅಂಗಡಿ ಸಿಕ್ಕಿತು. ಅದೂ ಒಂದಲ್ಲ, ಮೂರು! ಒಂದರಲ್ಲಿ ಹಳೆ ಪೇಟೆಯ ವಿಳಾಸ. ಒಂದರಲ್ಲಿ ಹೆಸರಿನ ಹಿಂದೆ ‘ನಂಬರ್ ಒನ್’ ಎಂಬ ಬಾಲ, ವಿಳಾಸ ರೈಲ್ವೆ ಗೇಟಿನಾಚೆಯ ಗಂಡನ ಅಕ್ಕನ ಮನೆ. ಮತ್ತೊಂದರಲ್ಲೂ ಹಳೆ ಪೇಟೆಯೇ, ಜೊತೆಗೆ ಯಾವಾಗಲೋ ನಿಂತುಹೋದ ಫೋನ್ ನಂಬರು. ಹೊಸ ಕೋಣೆಯ ಸುಳಿವೇ ಇಲ್ಲ.

“ಅವೆಲ್ಲ ನಾನೇ ಹಾಕಿದ್ದು” ಎಂದ ಗಂಡ, ಜಂಬದಿಂದಲೇ. “ಮೂರು ಕಡೆ ಗಾಳ ಹಾಕಿದ್ರೆ ಒಂದಕ್ಕಾದ್ರೂ ಮೀನು ಬೀಳತ್ತೆ.”

“ನಿಮ್ಮಕ್ಕನ ಮನೇಲಿ ರಿಪೇರಿ ಯಾರಪ್ಪಾ ಮಾಡ್ತಾರೆ?” ಎಂದಳು ಕನ್ನಡಕದಕ್ಕ.

“ಯಾರೂ ಇಲ್ಲ. ಆ ಕಡೆಯವರಿಗೂ ನಮ್ಮ ಹೆಸರು ಕಾಣ್ಲಿ ಅಂತ. ಬರೋ ಮುಂಚೆ ಒಂದು ಫೋನ್ ಮಾಡೇ ಮಾಡ್ತಾರೆ ಬಿಡಿ.”

“ಕಿವಿ ಕೇಳಿಸದವರು ಫೋನ್ ಮಾಡ್ತಾರಾ?” ಎಂದಳು ಹೆಂಡತಿ.

ಗಂಡ ಚಿಮಟ ಒರೆಸಿದ.

ಕನ್ನಡಕದಕ್ಕ ತಾಳ್ಮೆಯಿಂದಲೇ ಹೇಳಿದಳು. “ನೋಡು, ನಾನೂ ಅಂಗಡಿ ಬದಲಾಯಿಸಿದಾಗ ಹಿಂಗೇ ಒದ್ದಾಡಿದೆ. ಅಂಗಡಿಗಳ ವಿಳಾಸ ಇಟ್ಕೊಂಡಿರೋ ಸೈಟುಗಳು ಎಷ್ಟೋ ಇವೆ. ಹುಡುಕೋ ಫೋನು ಅವನ್ನೆಲ್ಲ ಸಾಕ್ಷಿ ಕೇಳಿದ ಹಾಗೆ ಕೇಳತ್ತೆ. ಎಲ್ಲ ಸಾಕ್ಷಿನೂ ಒಂದೇ ಮಾತು ಹೇಳಿದ್ರೆ ನಂಬಿಕೆ ಬಂದು ಮೇಲೆ ತೋರಿಸತ್ತೆ. ಒಬ್ಬ ಇಲ್ಲಿ, ಒಬ್ಬ ಅಲ್ಲಿ ಅಂದ್ರೆ ಯಾರನ್ನ ನಂಬೋದು?”

“ನೀವು ಕನ್ನಡಕ ಮಾರ್ಕೊಳ್ಳಿ ಅಕ್ಕಾ. ನಂಗೆ ಕಣ್ಣು ಚೆನ್ನಾಗೇ ಕಾಣತ್ತೆ” ಎಂದುಬಿಟ್ಟ ಗಂಡ. ಆಕೆ ಎದ್ದು ಹೋದಳು. ಹೆಂಡತಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಅವತ್ತೇ ಮಧ್ಯಾಹ್ನ ಬಾಗಿಲ ಗಂಟೆ ಜೋರಾಗಿ ಬಡಿಯಿತು. ಗಾಳಿಯಲ್ಲ, ಒಬ್ಬ ಹೆಂಗಸು. ಮೈಯೆಲ್ಲ ಬೆವರು.

“ನಮ್ಮಮ್ಮ ಇಲ್ಲಿಗೆ ಬಂದ್ರಾ? ರಿಟೈರ್ಡ್ ಟೀಚರು. ನಿನ್ನೆಯಿಂದ ಅವರ ಮಿಷನ್ ಕೆಟ್ಟಿದೆ. ಬೆಳಿಗ್ಗೆ ಫೋನಲ್ಲಿ ನಿಮ್ಮ ವಿಳಾಸ ನೋಡ್ಕೊಂಡು ಒಬ್ಬರೇ ಹೊರಟಿದಾರೆ. ಇನ್ನೂ ಬಂದಿಲ್ಲ.”

“ಇಲ್ಲಿಗೆ ಬಂದಿಲ್ಲಮ್ಮಾ. ಫೋನ್ ಮಾಡಿದ್ರಾ?” ಎಂದಳು ಹೆಂಡತಿ.

“ರಿಂಗ್ ಆಗ್ತಿದೆ, ಅವರಿಗೆಲ್ಲಿ ಕೇಳಿಸಬೇಕು! ಮೆಸೇಜೂ ನೋಡಿಲ್ಲ. ಬಸ್ಸು ಬೆನ್ನಿಗೆ ಬಂದು ಹಾರನ್ ಹೊಡೆದ್ರೂ ಗೊತ್ತಾಗಲ್ಲ. ಆಸ್ಪತ್ರೇಲಿ ಕೇಳಿಕೊಂಡು ನಾನಿಲ್ಲಿಗೆ ಬಂದೆ. ಫೋನಲ್ಲಿ ನೋಡಿದ್ರೆ ನಿಮ್ದು ಮೂರು ಅಂಗಡಿ ಇದೆ. ಅವರು ಯಾವುದಕ್ಕೆ ಹೋಗಿರ್ತಾರೆ, ಹೇಳಿ?”

ರಿಪೇರಿಯವನು ಸ್ಕೂಟರಿನ ಕೀಲಿ ಕೈಗೆತ್ತಿಕೊಂಡ. ಆ ಮೂರರಲ್ಲಿ ಒಂದೂ ಇಲ್ಲ ಎಂದು ಹೇಗೆ ಹೇಳುವುದು? ಹೆಂಡತಿಯನ್ನು ಅಂಗಡಿಯಲ್ಲೇ ಕಾಯಲು ಬಿಟ್ಟು, ಆ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟ.

ಮೊದಲು ರೈಲ್ವೆ ಗೇಟಿನಾಚೆಗೆ, ತನ್ನ ಅಕ್ಕನ ಮನೆಗೆ. ಗೇಟು ಹಾಕಿತ್ತು. ರೈಲು ಹೋಗುವವರೆಗೂ ಕಾಯಬೇಕಾಯಿತು. ಅಕ್ಕ ಕೆಲಸಕ್ಕೆ ಹೋಗಿದ್ದಳು, ಮನೆಗೆ ಬೀಗ. ಎದುರು ಮನೆಯ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು.

“ಬೆಳಿಗ್ಗೆ ಒಬ್ರು ಅಜ್ಜಿ ಬಂದಿದ್ರು. ಕಿವಿ ಮಿಷನ್ ಅಂಗಡಿ ಇದೇನಾ ಅಂದ್ರು. ಅಂಥದ್ದೇನೂ ಇಲ್ಲಿಲ್ಲ ಅಂತ ಕೂಗಿ ಕೂಗಿ ಹೇಳಿದೆ, ಕೇಳಿಸಲಿಲ್ಲ ಅನ್ಸತ್ತೆ. ಹಳಿ ಕಡೆ ನಡ್ಕೊಂಡು ಹೋದ್ರು.”

ಮಗಳು ಅಲ್ಲೇ ಅತ್ತುಬಿಟ್ಟಳು. ಇಬ್ಬರೂ ಹಳಿಯ ಪಕ್ಕದ ದಾರಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಯಾರೂ ಇರಲಿಲ್ಲ. ಉಳಿದದ್ದು ಹಳೆ ಪೇಟೆ ಒಂದೇ. ಅವನು ಮನಸ್ಸಿನಲ್ಲಿ ತನ್ನನ್ನೇ ಬೈದುಕೊಳ್ಳುತ್ತ ಸ್ಕೂಟರು ಓಡಿಸಿದ.

ಹಳೆ ಕಟ್ಟಡದ ಬಾಗಿಲಿಗೆ ‘ಅಂಗಡಿ ಬದಲಾಗಿದೆ’ ಎಂದು ಅವನೇ ಚೀಟಿ ಅಂಟಿಸಿದ್ದ. ಮಾಲೀಕರು ಅದರ ಮೇಲೇ ಬಣ್ಣ ಬಳಿಸಿದ್ದರು. ಎರಡನೇ ಮಹಡಿಗೆ ಓಡಿದರೆ, ಮುಚ್ಚಿದ ಷಟರಿನ ಎದುರು, ಮೆಟ್ಟಿಲ ಮೇಲೆ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಟೀಚರಮ್ಮ ಕೂತಿದ್ದರು. ಮಗಳು ಹೋಗಿ ತಬ್ಬಿಕೊಂಡಳು. ಆಕೆ ಗಾಬರಿಯಾಗಿ ಇಬ್ಬರ ಮುಖವನ್ನೂ ನೋಡಿದರು.

“ಅಮ್ಮಾ, ಬೀಗ ಹಾಕಿದೆಯಲ್ಲ, ಇಷ್ಟು ಹೊತ್ತು ಯಾಕೆ ಕೂತಿದ್ರಿ?” ಎಂದು ರಿಪೇರಿಯವನು ಕೈಸನ್ನೆಯಲ್ಲೇ ಕೇಳಿದ.

ಆಕೆ ಚೀಲದಿಂದ ಫೋನು ತೆಗೆದು ತೋರಿಸಿದರು. ಅದರಲ್ಲಿ ‘ಈಗ ತೆರೆದಿದೆ’ ಎಂದಿತ್ತು.

“ಬೀಗ ನಾನು ನೋಡಲಿಲ್ಲಪ್ಪಾ. ತುಂಬಾ ಸಲ ತಟ್ಟಿದೆ. ಒಳಗಿಂದ ಯಾರೋ ಬನ್ನಿ ಅಂದಿರ್ತಾರೆ, ನಂಗೇ ಕೇಳಿಸಿಲ್ಲ ಅಂದ್ಕೊಂಡೆ. ತಪ್ಪು ತಿಳ್ಕೋಬೇಡಿ.”

ತಪ್ಪು ಅವನದು, ಕ್ಷಮೆ ಕೇಳಿದ್ದು ಆಕೆ. ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೆಳಗೆ ಹೋಗಿ ಆಟೋ ಕರೆದು ತಂದ.

ಅಂಗಡಿಗೆ ಬಂದು ಬಿಚ್ಚಿದರೆ, ಮಿಷನ್ನಿನಲ್ಲಿ ಬ್ಯಾಟರಿ ಕೂರುವ ಜಾಗಕ್ಕೆ ತುಕ್ಕು ಹಿಡಿದಿತ್ತು, ಅಷ್ಟೇ. ಅವನು ಕೆರೆದು, ಒರೆಸಿ, ಆಕೆಯ ಕಿವಿಗೆ ಇಟ್ಟ. ಹೆಂಡತಿ ಬಾಗಿಲ ಗಂಟೆ ಬಾರಿಸಿದಳು. ಟೀಚರಮ್ಮ ಅತ್ತ ತಿರುಗಿ ನಕ್ಕರು. ಕನ್ನಡಕದಕ್ಕ ಎದ್ದು ಹೋದ ಮೇಲೆ ಆ ಕೋಣೆಯಲ್ಲಿ ಯಾರೂ ನಕ್ಕಿರಲಿಲ್ಲ.

ಅವರು ಹೊರಟ ಮೇಲೆ ಅವನು ತಾನಾಗಿಯೇ ಪಕ್ಕದಂಗಡಿಗೆ ಹೋದ. “ಅಕ್ಕಾ, ನಂಗೆ ಕಣ್ಣು ಕಾಣ್ತಿರಲಿಲ್ಲ. ಏನು ಮಾಡ್ಬೇಕು ಹೇಳಿ.”

“ಕೂತ್ಕೊ. ಮೊದಲು ನಿಮ್ಮಕ್ಕನ ಮನೆ ವಿಳಾಸ ತೆಗಿ. ಅಲ್ಲಿ ಅಂಗಡಿ ಇಲ್ಲ ಅಂದ್ಮೇಲೆ ಇಲ್ಲ. ‘ನಂಬರ್ ಒನ್’ ಬಾಲನೂ ಕತ್ತರಿಸು. ನಿನ್ನ ಬೋರ್ಡಲ್ಲಿ ಏನಿದೆಯೋ ಅದೇ ಹೆಸರು ಎಲ್ಲ ಕಡೆ.”

ಒಂದೊಂದೇ ಸೈಟು ತೆರೆದರು. ‘ಈ ಅಂಗಡಿ ನನ್ನದು’ ಎಂದು ಒತ್ತಿ, ಫೋನಿಗೆ ಬಂದ ಒಟಿಪಿ ಹಾಕಿ, ಹೊಸ ವಿಳಾಸ, ಈಗಿನ ನಂಬರು, ನಿಜವಾಗಿ ಬಾಗಿಲು ತೆಗೆಯುವ ಹೊತ್ತು, ವಾರದ ರಜೆ ತುಂಬಿಸಿದರು. ನಕ್ಷೆಯಲ್ಲಿ ಗುರುತನ್ನು ಸರಿಯಾಗಿ ತಮ್ಮ ಬಾಗಿಲಿಗೇ ತಂದಿಟ್ಟರು. ಹೆಂಡತಿ ರಸ್ತೆಗೆ ಇಳಿದು ಅಂಗಡಿಯ ಫೋಟೋ ತೆಗೆದಳು, ‘ಮೆಟ್ಟಿಲು ಇಲ್ಲ, ಮೆಸೇಜು ಕಳಿಸಿದರೂ ಸಾಕು’ ಎಂದೂ ಸೇರಿಸಿದಳು.

ಮಾರನೇ ದಿನವೇ ಯಾರೋ ಫೋನು ಮಾಡಿ, ದುಡ್ಡು ಕೊಟ್ಟರೆ ಎಲ್ಲರಿಗಿಂತ ಮೇಲೆ ತರುತ್ತೇವೆ, ನೂರಾರು ಹೊಗಳಿಕೆ ಬರೆಸುತ್ತೇವೆ, ಬಂದ ಒಟಿಪಿ ಹೇಳಿ ಎಂದರು. ಹೆಂಡತಿ ಬೆಂಚಿನ ಮೇಲೆ ಕೂತಿದ್ದ ಕನ್ನಡಕದಕ್ಕನತ್ತ ನೋಡಿದಳು.

“ಇಟ್ಬಿಡು ಫೋನು” ಎಂದಳು ಅಕ್ಕ. “ಮೇಲೆ ಬಂದೇ ಬರತ್ತೆ ಅಂತ ಯಾರೂ ಮಾತು ಕೊಡೋಕಾಗಲ್ಲ. ಒಟಿಪಿ ಕೊಟ್ರೆ ಅಂಗಡಿನೇ ಅವರ ಕೈಗೆ ಹೋಗತ್ತೆ. ರಿಪೇರಿ ಮಾಡಿಸಿದವರನ್ನೇ ಕೇಳು, ಅನಿಸಿದ್ದು ಬರೀಲಿ. ಬೈದ್ರೂ ಮರ್ಯಾದೆಯಿಂದ ಉತ್ತರ ಕೊಡು.”

ಶನಿವಾರ ಬಂತು. ಬಾಗಿಲ ಗಂಟೆ ಇನ್ನೂ ಸುಮ್ಮನೇ ಇತ್ತು. ಗಂಡ ಫೋನು ಹಿಡಿದು ರಸ್ತೆಯಲ್ಲೇ ನಿಂತಿದ್ದ. ಹೆಂಡತಿ ಒಳಗಿನಿಂದ ಅವನನ್ನೇ ನೋಡುತ್ತಿದ್ದಳು. ಅವನು ಒಳಗೆ ಬಂದು, “ಉಹೂಂ ಅಂದೆ” ಎಂದ. “ಯಾರಾದ್ರೂ ಬಂದು ತಟ್ಟಿದಾಗ ಒಳಗೆ ನಾನಿರಬೇಕಲ್ಲ.”

ಜನ ಒಮ್ಮೆಲೇ ಮುಗಿಬೀಳಲಿಲ್ಲ. ಮುಂದಿನ ವಾರ ಕೋಲೂರಿಕೊಂಡು ಒಬ್ಬ ಅಜ್ಜ ಬಂದರು. ಫೋನಿನಲ್ಲಿ ಯಾರೋ ಟೀಚರು ಬರೆದಿದ್ದರಂತೆ: ‘ಬಾಗಿಲು ತಟ್ಟಬೇಕಾಗಿಲ್ಲ, ಅವರೇ ತೆಗೆಯುತ್ತಾರೆ.’ ಆಮೇಲೆ ಇನ್ನೊಬ್ಬರು. ಈಗ ಹುಡುಕಿದರೆ ಅವರ ಅಂಗಡಿ ಮೊದಲಿನಷ್ಟು ಕೆಳಗಿಲ್ಲ, ದಿನೇದಿನೇ ಮೇಲೆ ಬರುತ್ತಿದೆ.

ಅಂಗಡಿ ನಡೆಸುವ ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಕೂಡಲೇ ಬೇರೆಯವರ ಫೋನು ಕೇಳಿ ಪಡೆದು ನಿಮ್ಮ ಅಂಗಡಿಯನ್ನು ನೀವೇ ಹುಡುಕಿ. ಹೆಸರು, ವಿಳಾಸ, ನಂಬರು, ಹೊತ್ತು ಎಲ್ಲ ಕಡೆ ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ ಇವತ್ತೇ ತಿದ್ದಿ, ನಾಳೆಗೆ ಇಡಬೇಡಿ. ನೀವು ಬಿಟ್ಟುಬಂದ ಬಾಗಿಲನ್ನು ಯಾರೋ ಈಗಲೂ ತಟ್ಟುತ್ತ ಕೂತಿರಬಹುದು.